ಗೃಹಾರೋಗ್ಯ: ಸದ್ದು ಬೆಳಕುಗಳ ತಲೆನೋವು

ಕಳೆದ ವೈಶಾಖದಲ್ಲಿ ನಮ್ಮ ಬಂಧುಗಳ ಮನೆಯಲ್ಲೊಂದು ವಿವಾಹ ನಡೆಯಿತು. ನನ್ನ ತಂಗಿಯ ಮಗಳೂ ಬಂದಿದ್ದಳು. ಹತ್ತೊಂಬತ್ತು ವರುಷದ ಹುಡುಗಿ. ವಿದ್ಯೆಯಲ್ಲಿ ಚುರುಕು, ಮಾತು ಮಿತ. ಸ್ವಲೀನತೆ, ಅಂದರೆ ಈಗ ಎಲ್ಲರೂ ಆಟಿಸಂ ಎಂದು ಕರೆಯುವ ಸ್ಥಿತಿ, ಆಕೆಗಿರುವುದೆಂದು ಬಾಲ್ಯದಲ್ಲಿಯೇ ವೈದ್ಯರು ತಿಳಿಸಿದ್ದರು. ಧಾರೆಯ ಹೊತ್ತಿಗೆ ಗಟ್ಟಿಮೇಳ ಮೊಳಗಿತು. ಚಿತ್ರ ತೆಗೆಯುವವರ ದೀಪಗಳು ಕಣ್ಣು ಕುಕ್ಕುತ್ತಿದ್ದುವು. ಪಾಕಶಾಲೆಯ ಕಡೆಯಿಂದ ಒಗ್ಗರಣೆಯ ಘಾಟು. ಹುಡುಗಿ ಕಿವಿ ಮುಚ್ಚಿಕೊಂಡು ಕಂಬದ ಮರೆಯಲ್ಲಿ ಕುಳಿತು, ತಲೆ ಸಿಡಿಯುತ್ತಿದೆಯೆಂದಳು. ನಾನು ಹಿರಿಯಳೆಂಬ ಅಧಿಕಾರದಿಂದ ಆಕೆಯ ಹಣೆಗೆ ಘಾಟಾದ ಮುಲಾಮು ತಿಕ್ಕಿ, ಬಿಸಿ ಕಾಫಿ ಕುಡಿಸಿ, ಗಾಳಿ ಬೀಸುವುದಕ್ಕೆ ನಾಲ್ವರು ಹೆಂಗಸರನ್ನು ಸುತ್ತ ನಿಲ್ಲಿಸಿದೆನು. ಅರ್ಧ ಗಳಿಗೆಯೊಳಗೆ ಆಕೆ ವಾಂತಿ ಮಾಡಿಕೊಂಡಳು. “ದೊಡ್ಡಮ್ಮ, ಮೊದಲು ಈ ವಾಸನೆ ಒರಸಿಬಿಡಿ” ಎಂದಳು. ಉಪಚಾರವೇ ಉಪದ್ರವವಾದುದನ್ನು ನಾನು ಆಗ ಅರಿತೆನು.

ವಾಚಕ ಬಂಧುಗಳೇ, ನಮ್ಮಲ್ಲಿ ಬಹುಮಂದಿಯ ಮೆದುಳು ಮತ್ತೆ ಮತ್ತೆ ಬರುವ ಸದ್ದನ್ನು ಕ್ರಮೇಣ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುವುದು. ಫ್ಯಾನು ತಿರುಗುವುದು ಐದು ನಿಮಿಷವಾದ ಮೇಲೆ ನಮಗೆ ಕೇಳಿಸುವುದೇ ಇಲ್ಲ. ಸ್ವಲೀನತೆಯುಳ್ಳ ಅನೇಕರಲ್ಲಿ ಈ ರೂಢಿಯಾಗುವಿಕೆ ಕಡಿಮೆ. ಅದೇ ಸದ್ದು, ಅದೇ ಬೆಳಕು ಪ್ರತಿಸಲವೂ ಹೊಸದಾಗಿಯೇ ಬಂದು ತಾಕುವುದು. ಅದನ್ನು ತಡೆದುಕೊಳ್ಳುವ ಪ್ರಯತ್ನದಲ್ಲಿ ಹಲ್ಲು ಕಚ್ಚಿ, ಕುತ್ತಿಗೆ ಬಿಗಿದು, ಹಣೆ ಸುಕ್ಕುಗಟ್ಟಿಸಿ ಗಂಟೆಗಟ್ಟಲೆ ಕುಳಿತರೆ ತಲೆನೋಯದೆ ಇದ್ದೀತೆ? ಅರೆತಲೆನೋವಿನ ಪ್ರಕೃತಿಯವರಾದರಂತೂ ಸದ್ದು, ಬೆಳಕು, ವಾಸನೆಗಳೇ ನೋವನ್ನು ಎಬ್ಬಿಸಬಲ್ಲವು. ಎದ್ದ ನೋವನ್ನು ಇಮ್ಮಡಿಸಲೂ ಬಲ್ಲವು.

“ತಾನೇ ತಟ್ಟೆ ಬಡಿದು ಕುಣಿಯುವ ಹುಡುಗ ನಾನು ಮಿಕ್ಸರ್ ಹಾಕಿದರೆ ಚೀರುತ್ತಾನೆ, ಇದು ಹಟವಲ್ಲದೆ ಮತ್ತೇನು?” ಎಂದು ಕೇಳುವ ತಾಯಂದಿರಿದ್ದಾರೆ. ಈ ಪ್ರಶ್ನೆ ಹೊಸದಲ್ಲ. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಎಂಬವರು ಇಂತಹ ೧೧ ಮಕ್ಕಳನ್ನು ಕುರಿತು ಬರೆದ ಪ್ರಬಂಧದಲ್ಲಿಯೇ ಇದನ್ನು ಗುರುತಿಸಿದ್ದಾರೆ. ಕಸ ಹೀರುವ ಯಂತ್ರ, ಮೊಟ್ಟೆ ಕಡೆಯುವ ಸಾಧನಗಳಿಗೆ ಹೆದರುತ್ತಿದ್ದ ಮಕ್ಕಳು ತಾವೇ ಅಷ್ಟೇ ದೊಡ್ಡ ಗದ್ದಲವನ್ನು ಸಂತೋಷದಿಂದ ಮಾಡಬಲ್ಲವರಾಗಿದ್ದರು. ತಾನು ಮಾಡುವ ಸದ್ದು ಯಾವಾಗ ಬರುವುದು, ಯಾವಾಗ ನಿಲ್ಲುವುದು ಎಂಬುದು ತನಗೆ ಗೊತ್ತು, ಪರರದು ಗೊತ್ತಿಲ್ಲ. ಇಂದ್ರಿಯಗಳ ಈ ಅತಿಸೂಕ್ಷ್ಮತೆಯನ್ನು ಸ್ವಲೀನತೆಯ ಲಕ್ಷಣಗಳ ಪಟ್ಟಿಯಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯು ಸೇರಿಸಿದ್ದು ೨೦೧೩ರಲ್ಲಿ. ಎಪ್ಪತ್ತು ವರುಷ ಬೇಕಾಯಿತು! ನಮ್ಮ ಮನೆಗಳಲ್ಲಿ ಹಟವೆಂಬ ಮಾತು ಇನ್ನೂ ಹೋಗಿಲ್ಲವೆಂದರೆ ಆಶ್ಚರ್ಯವೇನು?

ಆದಕಾರಣ ಮಿಕ್ಸರಿನ ಗುಂಡಿ ಒತ್ತುವ ಮುನ್ನ “ಈಗ ಸದ್ದಾಗುತ್ತದೆ” ಎಂದೊಂದು ಮಾತು ಹೇಳುವುದು ಮೊದಲನೆಯ ಔಷಧ. ಕುಕ್ಕರು ಕೂಗುವಾಗ ಟೆಲಿವಿಷನ್ನೂ ಕೂಗಬೇಕಾಗಿಲ್ಲ. ದೀಪಗಳ ವಿಷಯದಲ್ಲಿ ನಾವು ಬಹಳ ಅಲಕ್ಷ್ಯದಿಂದಿದ್ದೇವೆ. ಹಳೆಯ ತೆರದ ಕಬ್ಬಿಣದ ಚೋಕುಳ್ಳ ಟ್ಯೂಬ್‌ಲೈಟು ನಮ್ಮ ವಿದ್ಯುತ್ತಿನಲ್ಲಿ ಸೆಕೆಂಡಿಗೆ ೧೦೦ ಸಲ ಮಿನುಗುವುದು. ಕಣ್ಣಿಗೆ ಕಾಣದು, ಮೆದುಳಿಗೆ ತಾಕುವುದು. ಇಂಗ್ಲೆಂಡಿನಲ್ಲಿ ಸಾಮಾನ್ಯ ಕಚೇರಿ ನೌಕರರನ್ನೇ ಪರೀಕ್ಷಿಸಿ ೧೯೮೯ರಲ್ಲಿ ಪ್ರಕಟಿಸಿದ ವರದಿಯಂತೆ, ಸ್ಥಿರವಾಗಿ ಬೆಳಗುವ ದೀಪಗಳನ್ನು ಹಾಕಿದಾಗ ಅವರ ತಲೆನೋವುಗಳು ಅರ್ಧಕ್ಕಿಂತಲೂ ಕಡಿಮೆಯಾದುವು. ಸಾಮಾನ್ಯರಿಗೇ ಹೀಗಾದರೆ ಸೂಕ್ಷ್ಮರ ಪಾಡೇನು? ಅಗ್ಗದ ಎಲ್‌ಇಡಿ ದೀಪಗಳಲ್ಲಿಯೂ ಕೆಲವು ಮಿನುಗುವುದುಂಟು.

ನೋವು ಒಮ್ಮೆಲೇ ಬರುವುದಿಲ್ಲ, ಹನಿಹನಿಯಾಗಿ ಕೂಡುವುದು. ನನ್ನ ತಂಗಿಯ ಮಗಳಿಗಾದರೆ ಮೊದಲು ಉತ್ತರಗಳು ಒಂದೊಂದೇ ಪದಕ್ಕಿಳಿಯುವುವು. ಆಮೇಲೆ ಸೆರಗಿನ ತುದಿ ಮುಷ್ಟಿಯೊಳಗೆ ಹೋಗುವುದು. ಎದ್ದುಹೋಗಬೇಕಾದ ಹೊತ್ತು ಅದೇ. ಮಾತು ಬಾರದ ಮಗುವಾದರೆ ಹಣೆ ಬಡಿದುಕೊಳ್ಳಬಹುದು, ದಿಂಬಿನಲ್ಲಿ ತಲೆ ಒತ್ತಬಹುದು, ಊಟ ಒಲ್ಲೆನೆನ್ನಬಹುದು. ಈ ಸ್ಥಿತಿಯುಳ್ಳವರೇ ಇದನ್ನು ಓದುತ್ತಿದ್ದರೆ, ಒಂದು ಪುಟ್ಟ ಪುಸ್ತಕದಲ್ಲಿ ನೋವು ಬಂದ ದಿನ, ಅದರ ಹಿಂದಿನ ನಿದ್ರೆ, ತಪ್ಪಿದ ಊಟ, ಎದುರಾದ ಸದ್ದುಗಳನ್ನು ಬರೆದಿಡಿರಿ. ಹಸಿವು ಬಾಯಾರಿಕೆಗಳು ತಮಗೇ ತಿಳಿಯದಿರುವುದು ಅನೇಕರಲ್ಲುಂಟು. ಅಂಥವರು ಗಡಿಯಾರ ನೋಡಿಯಾದರೂ ನೀರು ಕುಡಿಯತಕ್ಕದ್ದು.

ನೋವು ಬಂದ ಮೇಲೆ ಕತ್ತಲೆಯ ಕೋಣೆ, ತಣ್ಣನೆಯ ಒದ್ದೆಬಟ್ಟೆ, ಮೌನ ಇವಿಷ್ಟು ಸಾಕು. “ಈಗ ಹೇಗಿದೆ?” ಎಂದು ಹತ್ತು ಸಲ ಕೇಳುವುದೂ ಒಂದು ಸದ್ದೇ. ಕಿವಿಗೆ ಬೆಣೆಯನ್ನೋ ಮುಚ್ಚಳವನ್ನೋ ಗದ್ದಲದ ಹೊತ್ತಿನಲ್ಲಿ ಹಾಕಿಕೊಳ್ಳಲಿ. ಶಾಂತವಾದ ಮನೆಯಲ್ಲಿಯೂ ದಿನವೆಲ್ಲ ಹಾಕಿದ್ದರೆ ಕಿವಿ ಇನ್ನಷ್ಟು ಸೂಕ್ಷ್ಮವಾಗುವ ಭಯವುಂಟು. ನೋವಿನ ಗುಳಿಗೆಯನ್ನು ತಿಂಗಳಿಗೆ ೧೫ ದಿನ ಅಥವಾ ಅದಕ್ಕೂ ಹೆಚ್ಚಾಗಿ, ತಿಂಗಳುಗಟ್ಟಲೆ ನುಂಗುತ್ತಿದ್ದರೆ ಆ ಗುಳಿಗೆಯೇ ತಲೆನೋವಿಗೆ ಕಾರಣವಾಗುವುದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಕೂಡದು. ಇನ್ನು, ಎಲ್ಲವನ್ನೂ ಸ್ವಲೀನತೆಯ ಮೇಲೆ ಹೊರಿಸಿ ಸುಮ್ಮನಿರಲಾಗದು. ಸಿಡಿಲೆರಗಿದಂತೆ ಬಂದ ನೋವು, ಜ್ವರದೊಡನೆ ಸೆಡೆತ ಕುತ್ತಿಗೆ, ಬೆಳಗಿನ ವಾಂತಿ, ಮಂಜಾದ ದೃಷ್ಟಿ, ಕೈಕಾಲಿನ ಬಲಹೀನತೆ, ತಲೆಗೆ ಪೆಟ್ಟು ಇವುಗಳಲ್ಲಿ ಯಾವುದಿದ್ದರೂ ಕೂಡಲೇ ವೈದ್ಯರ ಬಳಿಗೆ ಹೋಗತಕ್ಕದ್ದು.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಜಾಗಟೆ ಎಷ್ಟು ಹೊತ್ತಿಗೆ ಬಾರಿಸುವರೆಂದು ಹುಡುಗಿ ಮೊದಲೇ ಕೇಳಿಕೊಂಡಿದ್ದಳು. ಪುರೋಹಿತರನ್ನು ವಿಚಾರಿಸಿ ತಿಳಿಸಿದ್ದೆನು. ಮಂಗಳಾರತಿಗೆ ಮುಂಚೆ ಮಹಡಿಯ ಕೋಣೆಗೆ ಹೋದಳು. ಆರತಿ ಮುಗಿದ ಮೇಲೆ ಕೆಳಗಿಳಿದು ಪ್ರಸಾದ ತೆಗೆದುಕೊಂಡಳು. ಪೂಜೆಯ ನಡುವೆ ಎದ್ದುಹೋದಳೆಂದು ಒಬ್ಬರು ಹಿರಿಯರು ಗೊಣಗಿದರು. ಅವರಿಗೆ ನಾನೇ ಉತ್ತರ ಹೇಳಿದೆನು. ಸಂಜೆಗೆ ಆಕೆಗೆ ತಲೆನೋವು ಬಂದದ್ದು ನಿಜ. ಆದರೆ ಒಂದು ಗಂಟೆ ಮಲಗಿದ್ದು ಎದ್ದು, ರಾತ್ರಿ ನಮ್ಮೊಡನೆಯೇ ಊಟಕ್ಕೆ ಕುಳಿತಳು.