ರಂಗಪ್ಪನ ಕೆರ ಹೊಲಿದವರು ಯಾರು?

ಯಳಂದೂರು ಸೀಮೆಯ ಬಿಳಿಗಿರಿ ರಂಗಪ್ಪ ರಾತ್ರಿಯೆಲ್ಲ ಕಾಡು ಸುತ್ತುತ್ತಾನಂತೆ. ಸುತ್ತಿ ಸುತ್ತಿ ಕೆರ ಸವೆಯುತ್ತವಂತೆ. ಸವೆದ ಮೇಲೆ ಹೊಸ ಜೋಡು ಬೇಕಲ್ಲ? ಎರಡು ವರ್ಷಕ್ಕೊಮ್ಮೆ ಹೊಲಿದು ಒಪ್ಪಿಸುವವರು ಬೂದಿತಿಟ್ಟಿನ ನಮ್ಮ ಮಾದಿಗರು. ಒಂದು ಅಡಿ ಒಂಬತ್ತು ಇಂಚಿನ ಕೆರ! ನಾವು ಮುಟ್ಟಿದ ಚರ್ಮ ದೇವರ ಕಾಲಿಗಾಯಿತು. ನಾವು ಮುಟ್ಟಿದ ನೀರು ಮಾತ್ರ ಊರಿಗಾಗಲಿಲ್ಲ. ಇದ್ಯಾವ ನ್ಯಾಯ ಸ್ವಾಮಿ?

ಅದೇ ರಂಗಪ್ಪ ಸೋಲಿಗರ ಕುಸುಮಾಲೆಯನ್ನು ಕಟ್ಟಿಕೊಂಡವನು. ಸೋಲಿಗರಿಗೆ ಅವನು ಭಾವ. ಭಾವನ ಕಾಡಲ್ಲಿ ನೆಂಟರ ಪಾಡೇನಾಯ್ತು? 1974ರಲ್ಲಿ ಅಭಯಾರಣ್ಯ ಮಾಡಿದರು. ಎಷ್ಟೋ ಪೋಡುಗಳನ್ನು ಎಬ್ಬಿಸಿ ರಸ್ತೆ ಬದಿಗೆ ತಂದು ಹಾಕಿದರು. ಕಾಡೊಳಗಿನ ಬೇಸಾಯ ನಿಂತಿತು, ತರಗು ಬೆಂಕಿಯೂ ನಿಂತಿತು. ಆ ಬೆಂಕಿ ಇದ್ದಿದ್ದರೆ ಲಂಟಾನ ಹೀಗೆ ಹಬ್ಬುತ್ತಿರಲಿಲ್ಲ ಅಂತಾರೆ ಹಿರಿಯರು. ಕೇಳೋರು ಯಾರು? 2006ರಲ್ಲಿ ಜೇನು, ನೆಲ್ಲಿ, ಪಾಚಿ ತಂದು ಮಾರುವುದಕ್ಕೂ ತಡೆ. 2011ರಲ್ಲಿ ಹುಲಿ ಮೀಸಲು.

ಸೋಲಿಗರು ಸುಮ್ಮನೆ ಕೂರಲಿಲ್ಲ. ಅರಣ್ಯ ಹಕ್ಕು ಕಾಯಿದೆ ಹಿಡಿದು ಹೋರಾಡಿದರು. 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಬಂದದ್ದು ಕಾಗದ. ಕಾಡು ಹೇಗಿರಬೇಕೆಂಬ ಮಾತೂ ಅವರದಾಗಬೇಡವೇ?

ಕೆ.ಗುಡಿಯಲ್ಲಿ ದುಡ್ಡಿದ್ದವನಿಗೆ ಸಫಾರಿ ಜೀಪುಂಟು. ಜೀಪಲ್ಲಿ ಕೂತವನು ಪರಿಸರಪ್ರೇಮಿ, ಬರಿಗಾಲಲ್ಲಿ ನಡೆದವನು ಕಳ್ಳನೇ? ಆ ಹುಲ್ಲುಗುಡ್ಡಕ್ಕೆ, ಶೋಲೆ ಕಾಡಿಗೆ, ದೊಡ್ಡ ಸಂಪಿಗೆ ಮರಕ್ಕೆ ದಾರಿ ಬಿದ್ದದ್ದು ಯಾರ ಕಾಲಿಂದ?

ಕೆರ ಹೊಲಿದ ಕೈ ನಮ್ಮದು, ದಾರಿ ಸವೆಸಿದ ಕಾಲು ಸೋಲಿಗರದು. ಈ ಕೈಕಾಲು ಒಂದಾಗದ ಹೊರತು ಬೆಟ್ಟ ನಮ್ಮದಾಗುವುದಿಲ್ಲ. ದೇವರಿಗೆ ಕೆರ ಕೊಟ್ಟದ್ದಾಯ್ತು. ಇನ್ನು ನಾವು ನಡೆಯಬೇಕು.