ತುಣುಕಿಗೂ ಒಂದು ಅಂಕಿತವಿರಲಿ

ಉಪ್ಪಳದಿಂದ ಬಾಯಾರಿಗೆ ಹೋಗುವ ದಾರಿಯಲ್ಲಿ, ಅಡಕೆ ತೋಟಗಳ ಹಸುರಿಗೂ ಮುಳಿಹುಲ್ಲಿನ ಗುಡ್ಡಗಳಿಗೂ ನಡುವೆ ನೆಲೆಸಿರುವ ನಮ್ಮ ಪೈವಳಿಕೆಯಂತಹ ಗ್ರಾಮಗಳಲ್ಲಿ, ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದಂದಿನಿಂದ, ದೀಪಾವಳಿಯ ತರುವಾಯ ಅವು ಮರಳಿ ತಿರುಗಾಟಕ್ಕೆ ಹೊರಡುವವರೆಗಿನ ಮಳೆಗಾಲವು ವೇಷ, ಕುಣಿತಗಳಿಲ್ಲದ ಕೂಟವಾದ ತಾಳಮದ್ದಳೆಯ ಕಾಲವಾಗಿರುತ್ತದೆ. ಹಿಂದೆ ಇಂತಹ ಕೂಟಗಳು ಮುಗಿದ ಮೇಲೆ ಉಳಿಯುತ್ತಿದ್ದುದು ಕೇಳಿದವರ ನೆನಪು ಮಾತ್ರ. ಇಂದಾದರೋ ಭಾಗವತರ ಮುಂದೆ ಮುಕ್ಕಾಲಿಯ ಮೇಲೆ ಒಂದು ಮೊಬೈಲು ನಿಂತಿರುತ್ತದೆ. ಮರುದಿನದ ಬೆಳಗಿನ ಕಾಫಿಯಾಗುವುದರೊಳಗೆ ಹತ್ತು ನಿಮಿಷದ ತುಣುಕುಗಳು ಬೆಂಗಳೂರಿಗೂ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗಿ ಮುಟ್ಟಿರುತ್ತವೆ. ಇದನ್ನು ನಾನು ನಮ್ಮ ಕಾಲದ ಒಂದು ಭಾಗ್ಯವೆಂದೇ ಎಣಿಸುತ್ತೇನೆ. ಆದರೆ ಕೂಟಕ್ಕೂ ಕೇಳುಗನಿಗೂ ನಡುವೆ, ಗಣಕಯಂತ್ರದ ಮುಂದೆ ಕುಳಿತ ಒಬ್ಬನು ಚಿತ್ರವನ್ನು ಕತ್ತರಿಸಿ, ಧ್ವನಿಯನ್ನು ಏರಿಸಿ ಇಳಿಸಿ, ಕಡೆಗೆ ‘ಎಕ್ಸ್‌ಪೋರ್ಟ್’ ಎಂಬ ಗುಂಡಿಯನ್ನೊತ್ತುವ ಕ್ಷಣವೊಂದಿದೆಯಷ್ಟೆ. ಆ ಕ್ಷಣವು ಗ್ರಂಥಸಂಪಾದನೆಗೆ ಯಾವ ವಿಧದಲ್ಲಿಯೂ ಕಡಿಮೆಯಲ್ಲದ ಹೊಣೆಗಾರಿಕೆಯ ಕ್ಷಣವೆಂಬುದೇ ಈ ಲೇಖನದ ಅಭಿಪ್ರಾಯ.

ಈ ಮಾತನ್ನು ನಾನು ಕಲಿತುದು ಒಂದು ಪ್ರಮಾದದಿಂದ. ಕಳೆದ ಆಷಾಢದಲ್ಲಿ ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ ಮೂರು ಗಂಟೆಗಳ ತಾಳಮದ್ದಳೆ ನಡೆಯಿತು. ಪದ್ಯಗಳಿಗೆ ಮಾತಿನಲ್ಲಿ ಅರ್ಥ ಹೇಳುವ ಮುಖ್ಯ ಅರ್ಥಧಾರಿಗಳು ವೃದ್ಧರು. ವಿಚಾರದ ಹರಿತ ಕುಗ್ಗದಿದ್ದರೂ ಸ್ವರ ಕುಗ್ಗಿತ್ತು. ಮೇಲೆ ಹೆಂಚಿನ ಮಾಡಿನ ಮೇಲೆ ಮಳೆ. ನಾನೂ ನನ್ನ ಅಣ್ಣನ ಮಗನೂ ಎರಡು ಸಂಜೆ ಕುಳಿತು, ಅವರ ಮಾತನ್ನು ಮೇಲಕ್ಕೆತ್ತಿ, ಚೆಂಡೆಯನ್ನು ತುಸು ಹಿಂದಕ್ಕೆ ಸರಿಸಿ, ಹನ್ನೊಂದು ತುಣುಕುಗಳಾಗಿ ವಿಂಗಡಿಸಿ ಹೊರತೆಗೆದು ಕಳುಹಿಸಿದೆವು. ಪರದೇಶದಲ್ಲಿರುವ ಅವರ ಮಗಳು ಆ ರಾತ್ರಿಯೇ ಫೋನು ಮಾಡಿ, “ಮಾವಾ, ಅಪ್ಪನ ಸ್ವರವೇ ಕೇಳ್ತಿಲ್ಲೆ, ಬರೀ ಚೆಂಡೆಯೇ ಕೇಳುದು” ಎಂದಳು. ನೋಡಿದರೆ, ನಾವು ಮಾಡಿದ ತಿದ್ದುಪಡಿಗಳಲ್ಲಿ ಒಂದೂ ಹೊರಬಂದ ಕಡತಗಳಲ್ಲಿ ಸೇರಿರಲಿಲ್ಲ. ತಂತ್ರಾಂಶದೊಳಗೆ ಇಂಪಾಗಿ ಕೇಳುತ್ತಿದ್ದುದನ್ನೇ ನಂಬಿ, ಹೊರಬಂದುದನ್ನು ಒಮ್ಮೆಯೂ ಕೇಳದೆ ಕಳುಹಿಸಿದ್ದೆವು.

ಇದು ಹೇಗಾಗುತ್ತದೆಂಬುದನ್ನು ತಿಳಿದುಕೊಳ್ಳುವುದು ಕಷ್ಟವಲ್ಲ. ಸಂಕಲನದ ತಂತ್ರಾಂಶದಲ್ಲಿ ನಾವು ಏನೇ ಮಾಡಿದರೂ ಮೂಲ ಕಡತಕ್ಕೆ ಸಾಮಾನ್ಯವಾಗಿ ಯಾವ ಬಾಧೆಯೂ ಇಲ್ಲ. ಇಲ್ಲಿ ಕತ್ತರಿಸು, ಅಲ್ಲಿ ಆರು ಡೆಸಿಬೆಲ್ ಏರಿಸು, ಮುಂದೆ ಮೆಲ್ಲನೆ ಇಳಿಸು ಎಂಬ ಆದೇಶಗಳಷ್ಟೇ ಒಂದು ಕಡೆ ಬರೆದಿಡಲ್ಪಡುತ್ತವೆ. ಪರದೆಯ ಮುಂದೆ ನಾವು ಕೇಳುವುದು ಆ ಆದೇಶಗಳನ್ನು ಆಗಿಂದಾಗಲೇ ಪಾಲಿಸಿದ ಫಲವನ್ನು. ತಾಳೆಗರಿಯ ಪ್ರತಿಯ ಪಕ್ಕದಲ್ಲಿ ಸಂಪಾದಕನು ಬೇರೊಂದು ಹಾಳೆಯ ಮೇಲೆ ಪಾಠವನ್ನು ತಿದ್ದಿಕೊಂಡಂತೆ ಇದು. ಶುದ್ಧಪ್ರತಿ ಸಿದ್ಧವಾಗುವುದು ಎಕ್ಸ್‌ಪೋರ್ಟಿನ ಸಮಯದಲ್ಲಿಯೇ. ಆ ಸಮಯದಲ್ಲಿ ತಿದ್ದುಪಡಿಯ ಹಾಳೆ ಹಿಂದೆ ಉಳಿದುಹೋಗುವ ದಾರಿಗಳು ಒಂದೆರಡಲ್ಲ. ತುಣುಕುಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ ಹೊರತೆಗೆಯುವ ಕ್ರಮವನ್ನು ಆರಿಸಿದರೆ, ಇಡೀ ಸಾಲಿಗೆ ಮಿಕ್ಸರಿನಲ್ಲಿ ಮಾಡಿದ ಹೊಂದಾಣಿಕೆ ಕೆಲವು ತಂತ್ರಾಂಶಗಳಲ್ಲಿ ಅವುಗಳಿಗೆ ಅಂಟುವುದಿಲ್ಲ. ಸಮಯ ಉಳಿಯಲೆಂದು ಮರುಸಂಕೇತನವಿಲ್ಲದೆ ಕತ್ತರಿಸುವ ವಿಧಾನವನ್ನು ಹಿಡಿದರೆ, ಮೂಲದ ಧ್ವನಿಯೇ ಇದ್ದಂತೆ ನಕಲಾಗಿ ಬರುತ್ತದೆ. ಪರೀಕ್ಷೆಗೆಂದು ಮುಚ್ಚಿಟ್ಟ ಧ್ವನಿಯ ಸಾಲೊಂದನ್ನು ತೆರೆಯಲು ಮರೆತರೆ ಅದು ಮೌನವಾಗಿಯೇ ಉಳಿಯುತ್ತದೆ. ನಾವು ಎಡವಿದುದು ಮೊದಲನೆಯ ದಾರಿಯಲ್ಲಿ.

ತಿದ್ದುಪಡಿ ಸೇರದೆ ಹೋಗುವುದು ಒಂದು ಅಪಾಯವಾದರೆ, ಅತಿಯಾಗಿ ಸೇರಿಹೋಗುವುದು ಅದಕ್ಕಿಂತಲೂ ದೊಡ್ಡ ಅಪಾಯ. ತೆಂಕುತಿಟ್ಟಿನ ಹಿಮ್ಮೇಳದ ಪ್ರಕೃತಿಯೇ ಏರಿಳಿತಗಳದು. ಭಾಗವತರ ಜಾಗಟೆಯ ನುಡಿತ, ಮದ್ದಳೆಯ ಮೃದುವಾದ ನಾದ, ಚಕ್ರತಾಳದ ಲೋಹಧ್ವನಿ ಇವುಗಳೊಡನೆ ಮೆಲ್ಲನೆ ಸಾಗುತ್ತಿರುವ ಕರುಣರಸದ ಪದ್ಯವೊಂದು, ವೀರಕ್ಕೆ ತಿರುಗಿದೊಡನೆ ಚೆಂಡೆಯ ಅಬ್ಬರದಲ್ಲಿ ಆಕಾಶಕ್ಕೇರುತ್ತದೆ. ಈ ಅಂತರವೇ ಕಲೆ. ಹೀಗಿರಲಾಗಿ, ಎಲ್ಲವೂ ಎಲ್ಲೆಲ್ಲಿಯೂ ಗಟ್ಟಿಯಾಗಿ ಕೇಳಬೇಕೆಂಬ ಆಸೆಯಿಂದ ಕಂಪ್ರೆಸರ್ ಎಂಬ ಉಪಕರಣವನ್ನು ಬಿಗಿಯಾಗಿ ಹಾಕಿದರೆ, ಚೆಂಡೆಯ ಪ್ರತಿಯೊಂದು ಪೆಟ್ಟಿಗೂ ಭಾಗವತರ ಕಂಠವು ಕುಸಿದು, ಪೆಟ್ಟು ಮುಗಿದೊಡನೆ ಮತ್ತೆ ಉಬ್ಬುತ್ತದೆ. ಹಾಡುವವನು ತೇಕುತ್ತಿರುವನೋ ಎಂಬ ಭ್ರಾಂತಿಯುಂಟಾಗುತ್ತದೆ. ಇಷ್ಟು ಮಾಡಿಯೂ ಲಾಭವೇನು? ಧ್ವನಿಯ ಗಟ್ಟಿತನವನ್ನು ಕಿವಿಗೆ ತೋರುವಂತೆ ಅಳೆಯುವ ಅಂತರರಾಷ್ಟ್ರೀಯ ಮಾನವೊಂದು 2006ರಲ್ಲಿಯೇ ರೂಪುಗೊಂಡಿದೆ. ಅಂತಹ ಅಳತೆಗಳನ್ನು ಇಟ್ಟುಕೊಂಡು ಯೂಟ್ಯೂಬಿನಂತಹ ತಾಣಗಳು ಅತಿ ಗಟ್ಟಿಯಾದುದನ್ನು ತಾವೇ ತಗ್ಗಿಸಿಬಿಡುತ್ತವೆ. ಏರಿಸಿದವನ ಶ್ರಮ ವ್ಯರ್ಥ. ಕಳೆದುಹೋದ ಏರಿಳಿತ ಮಾತ್ರ ಮರಳಿ ಬಾರದು.

ಮಳೆಯ ಸದ್ದನ್ನು ತೆಗೆಯುವುದೂ ಹೀಗೆಯೇ. ಫ್ಯಾನಿನ ಗುಂಯ್‌ಗುಡುವಿಕೆಯಂತೆ ಮಳೆಯ ಸದ್ದು ಒಂದೆರಡು ಸ್ವರಸ್ಥಾನಗಳಲ್ಲಿ ನಿಲ್ಲುವಂಥದಲ್ಲ; ಅದು ಮಂದ್ರದಿಂದ ತಾರದವರೆಗೆ ಎಲ್ಲ ಕಂಪನಗಳಲ್ಲಿಯೂ ಹರಡಿಕೊಂಡಿರುತ್ತದೆ. ನಮ್ಮ ಶಕಾರ, ಷಕಾರ, ಸಕಾರಗಳ ಊಷ್ಮಧ್ವನಿಗಳೂ ಮಹಾಪ್ರಾಣಗಳ ಉಸಿರೂ ಇರುವುದು ಅದೇ ಎಡೆಯಲ್ಲಿ. ಸದ್ದಿಳಿಸುವ ಉಪಕರಣಕ್ಕೆ ಮಳೆಗೂ ಷಕಾರಕ್ಕೂ ಭೇದ ತಿಳಿಯದು. ಹೆಚ್ಚು ಒತ್ತಿದರೆ ಮಳೆಯೊಡನೆ ಅಕ್ಷರವೂ ತೊಳೆದುಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಿ, ಮಳೆ ತುಸು ಉಳಿದರೆ ಉಳಿಯಲೆಂದು ಬಿಡುವುದೇ ವಿವೇಕ. ಆಷಾಢದ ಕೂಟವೊಂದರಲ್ಲಿ ಮಳೆಯೂ ಒಂದು ಸಾಕ್ಷಿಯಲ್ಲವೆ?

ಇಷ್ಟು ಸೂಕ್ಷ್ಮವೇಕೆಂದು ಕೇಳುವವರಿಗೆ ನಾನು ತಾಳಮದ್ದಳೆಯ ಒಂದು ವೈಲಕ್ಷಣ್ಯವನ್ನು ನೆನಪಿಸಬೇಕಾಗಿದೆ. ಪ್ರಸಂಗದ ಪದ್ಯಗಳು ಅಚ್ಚಾಗಿವೆ. ಅವು ನಾಳೆಯೂ ದೊರೆಯುತ್ತವೆ. ಅರ್ಥವಾದರೋ ಆಶುವಾದುದು, ಅದಕ್ಕೆ ಬರೆಹವಿಲ್ಲ, ಪ್ರತಿಯಿಲ್ಲ, ಒಮ್ಮೆ ಆಡಿದ್ದು ಅದೇ ಅರ್ಥಧಾರಿಯ ಬಾಯಿಂದಲೂ ಮತ್ತೊಮ್ಮೆ ಹಾಗೆಯೇ ಬರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ನಮ್ಮ ಈ ನೆಲದಲ್ಲಿ ಬೆಳೆದು, ವಾದಸರಣಿಯಿಂದ ರಾವಣನಂತಹ ಪಾತ್ರಗಳಿಗೆ ಹೊಸ ಬೆಳಕನ್ನು ತಂದ ಬಗೆಯನ್ನು ಇಂದಿನ ತರುಣನು ತಿಳಿಯಬೇಕಾದರೆ, ಅವರನ್ನು ಕಣ್ಣಾರೆ ಕಂಡವರ ಮಾತಿನೊಡನೆ ಕ್ಯಾಸೆಟ್ಟುಗಳೂ ಧ್ವನಿಮುದ್ರಣಗಳೂ ಅಲ್ಲದೆ ಬೇರೆ ಗತಿ ಯಾವುದಿದೆ? ಅರ್ಥಗಾರಿಕೆಯ ಮಟ್ಟಿಗೆ ಧ್ವನಿಮುದ್ರಣವೇ ಮೂಲಗ್ರಂಥ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಈ ಸೀಮೆಯಲ್ಲಿ, ನೆರೆಯ ಕಯ್ಯಾರು ಗ್ರಾಮದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತು ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ಕನ್ನಡಕ್ಕಾಗಿ ಜೀವಮಾನವಿಡೀ ದನಿಯೆತ್ತಿದರು. ಆ ಕನ್ನಡವು ಬರಿಯ ಸರಕಾರಿ ಕಾಗದದ ಕನ್ನಡವಲ್ಲ. ಯಾವ ಸಿದ್ಧತೆಯೂ ಇಲ್ಲದೆ ಎದ್ದು ನಿಂತ ತರ್ಕವನ್ನು ಮೂರು ಗಂಟೆಗಳ ಕಾಲ ನಡೆಸಬಲ್ಲ ಈ ಚಾವಡಿಯ ಕನ್ನಡ. ಅದರ ಷಕಾರವನ್ನು ನಾವೇ ಅಳಿಸಬಾರದು.

ಪಾಠವು ಅಳಿದರೆ, ಕರ್ತೃವಿನ ಹೆಸರು ಮರೆತರೆ ಏನಾಗುವುದೆಂಬುದನ್ನೂ ಈ ನೆಲ ಬಲ್ಲುದು. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲ, ಕೃತಿಗಳ ವಿಷಯವಾಗಿ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂತಹ ವಿದ್ವಾಂಸರು ಎಷ್ಟೊಂದು ಚರ್ಚಿಸಬೇಕಾಯಿತು! ಆ ಪ್ರಸಂಗಗಳಲ್ಲಿ ಬರುವ ಕಣಿಪುರದ ಕೃಷ್ಣನ ಅಂಕಿತವು ಅಂತಹ ಚರ್ಚೆಗೆ ಹಿಡಿದು ನಡೆಯಲು ದೊರೆತ ಒಂದು ಎಳೆ. ಇಂದು ನಾವು ಹರಿಯಬಿಡುತ್ತಿರುವ ತುಣುಕುಗಳಲ್ಲಿ ಅಂತಹ ಎಳೆಯೂ ಇಲ್ಲ. ಯಾವ ಊರು, ಯಾವ ದಿನ, ಯಾವ ಪ್ರಸಂಗ, ಮದ್ದಳೆಯಲ್ಲಿ ಯಾರು ಎಂಬುದೊಂದನ್ನೂ ಹೇಳದೆ, ಹಿಂದುಮುಂದಿಲ್ಲದ ಮೂವತ್ತು ಸೆಕೆಂಡುಗಳ ಆರ್ಭಟವು ಕೈಯಿಂದ ಕೈಗೆ ದಾಟುತ್ತಿದೆ.

ಆದುದರಿಂದ ಕೆಲವು ಸಣ್ಣ ನಿಯಮಗಳನ್ನು ನಮಗೆ ನಾವೇ ವಿಧಿಸಿಕೊಳ್ಳುವುದು ಲೇಸು. ಮೊದಲನೆಯದಾಗಿ, ಮೂಲ ಕಡತವನ್ನು ಎಂದಿಗೂ ಅಳಿಸಬಾರದು. ಒಳ್ಳೆಯ ಧ್ವನಿಮುದ್ರಣಯಂತ್ರದಲ್ಲಿ ಸೆಕೆಂಡಿಗೆ 48,000 ಮಾದರಿಗಳಂತೆ, 24 ಬಿಟ್‌ಗಳಲ್ಲಿ ಕುಗ್ಗಿಸದೆ ಹಿಡಿದ ಸ್ಟೀರಿಯೋ ಧ್ವನಿಯು ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಎಂಟು ಗಂಟೆಗಳ ಇಡಿಯ ರಾತ್ರಿಯ ಆಟದ ಧ್ವನಿಯು 16 ಜಿಬಿಯ ಪೆನ್‌ಡ್ರೈವಿನ ಅರ್ಧದಷ್ಟು ಸ್ಥಳವನ್ನು ಬೇಡುತ್ತದೆ, ಅಷ್ಟೆ. ಎರಡನೆಯದಾಗಿ, ತಿದ್ದುಪಡಿ ಮಾಡಿದ ಇಡೀ ಧ್ವನಿಯನ್ನು ಮೊದಲು ಒಂದೇ ಕಡತವಾಗಿ, ಕುಗ್ಗಿಸದ ರೂಪದಲ್ಲಿ ಹೊರತೆಗೆದು, ಅದನ್ನು ಚಿತ್ರದೊಡನೆ ಜೋಡಿಸಿದ ಮೇಲೆಯೇ ತುಣುಕುಗಳಾಗಿ ವಿಭಾಗಿಸಬೇಕು; ನಮ್ಮ ಪ್ರಮಾದಕ್ಕೆ ನಾವು ಕಂಡುಕೊಂಡ ಪರಿಹಾರವೂ ಇದೇ. ಮೂರನೆಯದಾಗಿ, ಧ್ವನಿಯ ಅತ್ಯುನ್ನತ ಶಿಖರವೂ ಸೊನ್ನೆ ಡೆಸಿಬೆಲ್ಲಿನ ಗೆರೆಗಿಂತ ತುಸು ಕೆಳಗೇ ನಿಲ್ಲಬೇಕು. ಆ ಗೆರೆಯನ್ನು ಮುಟ್ಟಿ ತಲೆ ಕತ್ತರಿಸಿಕೊಂಡ ಚೆಂಡೆಯ ನಾದ ಬಿರುಕುಬಿಟ್ಟ ಮಡಕೆಯ ಸದ್ದಾಗುತ್ತದೆ. ನಾಲ್ಕನೆಯದಾಗಿ, ಹೊರಬಂದ ಕಡತವನ್ನು ತಂತ್ರಾಂಶವನ್ನು ಮುಚ್ಚಿದ ಮೇಲೆ, ಸಾಧ್ಯವಾದರೆ ಬೇರೆಯೇ ಮೊಬೈಲಿನಲ್ಲಿ, ಮೊದಲಿಂದ ಕೊನೆಯವರೆಗೆ ಒಬ್ಬರಾದರೂ ಕೇಳಬೇಕು. ಇವಾವುದಕ್ಕೂ ದುಬಾರಿಯ ಸಾಧನ ಬೇಡ. ಆಡಾಸಿಟಿ, ಕೆಡೆನ್‌ಲೈವ್‌ಗಳಂತಹ ಉಚಿತ ತಂತ್ರಾಂಶಗಳೇ ಸಾಕು.

ಹುಡುಗರು ಪ್ರೀತಿಯಿಂದ, ಬಿಟ್ಟಿಯಾಗಿ ಮಾಡುತ್ತಿರುವ ಕೆಲಸಕ್ಕೆ ಶಾಸ್ತ್ರದ ಭಾರ ಹೊರಿಸಬಹುದೆ ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ನ್ಯಾಯವಿದೆ. ನಿದ್ದೆಗೆಟ್ಟು ಚಿತ್ರೀಕರಿಸುವ ಈ ತರುಣರಿಲ್ಲದಿದ್ದರೆ ತಿದ್ದಲಿಕ್ಕಾದರೂ ಏನಿರುತ್ತಿತ್ತು? ಆದರೆ ಪ್ರೀತಿಯಿಂದ ಮಾಡಿದ ಕೆಲಸವು ಉಳಿಯುವಂತಾಗಬೇಕೆಂಬುದೂ ಪ್ರೀತಿಯ ಮಾತೇ ಸರಿ. ಭಾರವನ್ನು ಅವರೊಬ್ಬರೇ ಹೊರಬೇಕಾಗಿಯೂ ಇಲ್ಲ. ಕೂಟವನ್ನು ಏರ್ಪಡಿಸುವವರು ಊಟಕ್ಕೂ ಧ್ವನಿವರ್ಧಕಕ್ಕೂ ಹಣ ತೆಗೆದಿಡುವಂತೆ ಮುದ್ರಣಕ್ಕೂ ಸ್ವಲ್ಪ ತೆಗೆದಿಡಲಿ. ನಮ್ಮ ಕನ್ನಡ ಮಾಧ್ಯಮ ಶಾಲೆಗಳು ರಜೆಯ ನಾಲ್ಕು ದಿನ ಈ ವಿದ್ಯೆಯನ್ನು ಮಕ್ಕಳಿಗೆ ಕಲಿಸಲಿ. ಗ್ರಾಮದ ವಾಚನಾಲಯಗಳು ಪುಸ್ತಕದ ಕಪಾಟಿನ ಪಕ್ಕದಲ್ಲಿ ಮೂಲ ಮುದ್ರಣಗಳಿಗೂ ಒಂದು ಎಡೆ ಕೊಡಲಿ.

ಇನ್ನು ಉಳಿದುದು ಹೆಸರಿನ ಮಾತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್, ಮೂರು ನಿಮಿಷದ ತಮ್ಮ ಹಾಡು ಮುಗಿದೊಡನೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆ ಮುದ್ರಣಗಳು ತಟ್ಟೆಗಳಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಹಾಡಿದವರಾರೆಂದು ತಿಳಿಯಲೆಂಬುದು ಅದರ ಉದ್ದೇಶ. ನಮ್ಮ ತುಣುಕುಗಳೂ ನಮ್ಮನ್ನು ಅರಿಯದವರ ಕೈಗೆ, ನಾವಿಲ್ಲದ ಕಾಲಕ್ಕೆ ಹೋಗತಕ್ಕವುಗಳು. ಆ ಮೂರು ಗಂಟೆಗಳ ಕೂಟದ ತುಣುಕುಗಳನ್ನು ನಾವು ಮತ್ತೊಮ್ಮೆ ಸಿದ್ಧಪಡಿಸಿದಾಗ, ಪ್ರತಿಯೊಂದರ ಕೊನೆಗೂ ನನ್ನ ಅಣ್ಣನ ಮಗನು ಪ್ರಸಂಗದ ಹೆಸರನ್ನೂ ತಿಥಿಯನ್ನೂ ಹಿಮ್ಮೇಳ ಮುಮ್ಮೇಳದವರೆಲ್ಲರ ಹೆಸರನ್ನೂ ತನ್ನ ಕಂಠದಿಂದಲೇ ಓದಿ ಸೇರಿಸಿ, ‘ಸ್ಥಳ, ಪೈವಳಿಕೆ’ ಎಂದು ಮುಗಿಸಿದನು. ಅರ್ಥಧಾರಿಗಳ ಮಗಳು ಈ ಸಲ ಫೋನು ಮಾಡಿದಾಗ ಅಪ್ಪನ ಮಾತಿನ ಸೊಗಸನ್ನು ಬಹಳ ಹೊತ್ತು ಬಣ್ಣಿಸಿದಳು; ಅದರ ಹಿಂದೆ ಮೆಲ್ಲನೆ ಕೇಳುತ್ತಿದ್ದ ಊರಿನ ಮಳೆಯನ್ನೂ ನೆನೆದಳು.