ತರಿ ಹಕ್ಕಿ, ಖುಷ್ಕಿ ಹಕ್ಕಿ

ಮಕ್ಕಳೇ, ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಬೆಳೆಸಾಲದ ಅರ್ಜಿಗಳನ್ನು ನೋಡುತ್ತಿದ್ದೆ. ನೀರಾವರಿ ಗದ್ದೆಗೆ ‘ತರಿ’, ಮಳೆ ನಂಬಿದ ಹೊಲಕ್ಕೆ ‘ಖುಷ್ಕಿ’, ಉಳುಮೆಯಿಲ್ಲದ ನೆಲಕ್ಕೆ ‘ಬೀಳು’. ಟಿಟ್ಟಿಭ ಹಕ್ಕಿಗಳಲ್ಲೂ ಇದೇ ಲೆಕ್ಕವಿದೆ ಎಂದು ತಿಳಿದದ್ದು ನಿವೃತ್ತನಾದ ಮೇಲೆ.

ನಮ್ಮ ಭರಮಸಾಗರದ ಕೆರೆಯಂಚಿನಲ್ಲಿ ಊರಿಗೇ ಕೇಳುವಂತೆ ‘ಟಿಟ್ಟಿಟ್ಟೀ’ ಎಂದು ಕೂಗುವುದು ಕೆಂಪು ಟಿಟ್ಟಿಭ. ಕಪ್ಪು ಎದೆ, ಕತ್ತಿನ ಪಕ್ಕ ಬಿಳಿ ಪಟ್ಟೆ, ಕಣ್ಣಿನ ಮುಂದೆ ಕೆಂಪು ತೊಗಲು, ತುದಿ ಕಪ್ಪಾದ ಕೆಂಪು ಕೊಕ್ಕು. ಇದಕ್ಕೆ ನೀರು ಹತ್ತಿರವಿರಬೇಕು. ಇದು ತರಿ ಹಕ್ಕಿ.

ಕೆರೆ ಬಿಟ್ಟು ಕಲ್ಲು ನೆಲಕ್ಕೆ ಬಂದರೆ ಹಳದಿ ಟಿಟ್ಟಿಭ. ಕೆಂಪಿನದು ಸುಮಾರು 35 ಸೆಂಟಿಮೀಟರ್ ಉದ್ದ, ಇದು 27. ಮೈ ಮಣ್ಣಿನ ಬಣ್ಣ, ತಲೆಗೆ ಕಪ್ಪು ಟೋಪಿ, ಟೋಪಿಗೆ ಬಿಳಿ ಅಂಚು, ಕಣ್ಣಿನ ಮುಂದೆ ಹಳದಿ ತೊಗಲು. ಕೂಗು ಅಷ್ಟು ಜೋರಲ್ಲ. ಇದು ಖುಷ್ಕಿ ಹಕ್ಕಿ. ಎರಡಕ್ಕೂ ಕಾಲು ಹಳದಿಯೇ; ಅದಕ್ಕೇ ಕಾಲು ನೋಡಿ ಹೆಸರು ಹೇಳಬೇಡಿ, ಮುಖ ನೋಡಿ.

ಎರಡೂ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬರೀ ನೆಲದ ಗುಂಡಿಯಲ್ಲಿ ಸಾಮಾನ್ಯವಾಗಿ 4 ಮೊಟ್ಟೆ. ಬಿಸಿಲು ಸುಡುವಾಗ ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಯ ಮೇಲೆ ಕೂರುತ್ತವೆ!

ಹೋದ ಬೇಸಗೆ ಹುಡುಗರು ಊರಾಚೆ ಕ್ರಿಕೆಟ್ ಆಡಲು ಜಾಗ ಹುಡುಕುತ್ತಿದ್ದರು. “ಅದು ಬರೀ ಬೀಳು, ಆಡ್ರೋ” ಎಂದು ನಾನೇ ಮುಂದೆ ನಡೆದೆ. ಹಳದಿ ಟಿಟ್ಟಿಭವೊಂದು ಸುತ್ತ ಓಡಾಡಿ ಕೂಗುತ್ತಿತ್ತು, ನಾನು ಗಮನಿಸಲಿಲ್ಲ.

“ಅಜ್ಜಾ, ಅಲ್ಲೇ ನಿಂತ್ಕೋ! ನಿನ್ ಚಪ್ಲಿ ಮುಂದೆ ಮೊಟ್ಟೆ ಐತೆ!” ಮೊಮ್ಮಗಳು ಕೂಗಿದಳು.

ಕಲ್ಲು ಎಂದುಕೊಂಡಿದ್ದೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನಾಲ್ಕೂ ಹೋಗುತ್ತಿದ್ದವು.

ಪಂಚತಂತ್ರದಲ್ಲಿ ಕಡಲು ಟಿಟ್ಟಿಭದ ಮೊಟ್ಟೆ ಕದ್ದಾಗ ಗರುಡ ನೆರವಾದ. ಇಲ್ಲಿ ನೆರವಾದವರು ಹುಡುಗರು. ಮುಟ್ಟಲಿಲ್ಲ, ಗುರುತಿಗೆ ಕಲ್ಲು ಸಹ ಇಡಲಿಲ್ಲ. ಇಟ್ಟರೆ ಕಾಗೆ, ನಾಯಿಗೆ ನಾವೇ ದಾರಿ ತೋರಿಸಿದಂತೆ. ಸುಮ್ಮನೆ ವಿಕೆಟ್ಟುಗಳನ್ನು ದೂರಕ್ಕೆ ಒಯ್ದರು. ಸುಮಾರು 4 ವಾರದ ಮೇಲೆ ತಾಯಿಯ ಹಿಂದೆ ಎರಡು ಮರಿ ಓಡುವುದು ಕಂಡಿತು. ಉಳಿದೆರಡು ಏನಾದವೋ.

ಎಷ್ಟು ಅರ್ಜಿಗಳಲ್ಲಿ ‘ಬೀಳು’ ಎಂದು ನೋಡಿ ಮುಂದಿನ ಹಾಳೆ ತಿರುವಿದೆನೋ! ಅಲ್ಲೊಂದು ಸಂಸಾರ ಇರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ.

ಅಜ್ಜ ಅಜ್ಜಿಯರೇ, ಈ ಬೇಸಗೆಯಲ್ಲಿ ಮೊಮ್ಮಕ್ಕಳ ಜೊತೆ ಬೀಳಿನ ಕಡೆ ಹೋದರೆ ಅವರನ್ನೇ ಮುಂದೆ ಬಿಡಿ. ಅವರ ಕಣ್ಣು ನಮ್ಮದಕ್ಕಿಂತ ಚುರುಕು.